ಬ್ರಿಟ್ಟನ್‌ಗೆ ಹಣ ತಪ್ಪಿದ್ದು ನಿಯಮ ಬದಲಾಗಿದ್ದರಿಂದಲ್ಲ

ಅಡೆತಡೆಗಳನ್ನು ದಾಟುವ ಅಮೆರಿಕದ ಟಿ.ವಿ. ಸ್ಪರ್ಧೆ ‘ಅಮೆರಿಕನ್ ನಿಂಜಾ ವಾರಿಯರ್’ನ ನಾಲ್ಕೂ ಹಂತಗಳನ್ನು ಮೊದಲು ಮುಗಿಸಿದ ಜೆಫ್ ಬ್ರಿಟ್ಟನ್‌ಗೆ, ಆಟ ಮುಗಿದ ಮೇಲೆ ನಿಯಮ ಬದಲಿಸಿ ಬಹುಮಾನ ತಪ್ಪಿಸಿದರು ಎಂಬ ಸಂದೇಶ ಮೈಸೂರಿನ ವ್ಯಾಯಾಮಶಾಲೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸುಳ್ಳು.

2015ರ ಕೊನೆಯ ಹಂತದಲ್ಲಿ 75 ಅಡಿ ಹಗ್ಗವನ್ನು 30 ಸೆಕೆಂಡಿನೊಳಗೆ ಏರಬೇಕಿತ್ತು. ಇಬ್ಬರು ಏರಿದರೆ ಬೇಗ ಏರಿದವರಿಗೇ ಹತ್ತು ಲಕ್ಷ ಡಾಲರ್ ಎಂಬುದು ಮೊದಲೇ ಇದ್ದ ನಿಯಮ. ಬ್ರಿಟ್ಟನ್ 29.65 ಸೆಕೆಂಡಿನಲ್ಲಿ ತುದಿ ಮುಟ್ಟಿದರು. ನಂತರ ಬಂದ ಐಸಾಕ್ ಕಾಲ್ಡಿರೋ 26.14ರಲ್ಲೇ ಮುಟ್ಟಿದರು. ಎರಡನೆಯವರಿಗೆ ಬಿಡಿಗಾಸೂ ಸಿಗದ ಆ ನಿಯಮ ಕಠೋರ ಎಂದರೆ ನಾನೂ ಒಪ್ಪುತ್ತೇನೆ. ಆದರೆ ಅದನ್ನು ಮೋಸವೆನ್ನುವುದು ಕಾಲ್ಡಿರೋ ಅವರ ತೋಳ್ಬಲಕ್ಕೆ ಮಾಡುವ ಅನ್ಯಾಯ. ಗರಡಿಯಲ್ಲಿ ಹಗ್ಗ ಹತ್ತುವ ಹುಡುಗರಿಗೆ ಈ ಸಂದೇಶ ಕಳಿಸುವವರು ದಯವಿಟ್ಟು ಇಬ್ಬರ ಸಮಯವನ್ನೂ ಸೇರಿಸಿ ಕಳಿಸಲಿ.