ಎಲ್ಲರ ಮನೆಯಲ್ಲೂ ಹೊಡೆಯುತ್ತಾರೆ ಎಂಬ ಸಮಾಧಾನ

ಮೂರು–ನಾಲ್ಕು ವರ್ಷದ ಮಕ್ಕಳಿಗೆ ಹೊಡೆಯುವ ಬಗ್ಗೆ ನೇಕಾರರ ಊರಾದ ನಮ್ಮ ಬನಹಟ್ಟಿಯಲ್ಲಿ ಮಾತೆತ್ತಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಎಲ್ಲಾರ ಮನ್ಯಾಗೂ ಹೊಡೀತಾರ್ರೀ, ನಮ್ಮ ಹುಡುಗಂದೇನು ಬ್ಯಾರೆ?’ ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಸರಿಯೆನಿಸುವುದಿಲ್ಲ. ಓಣಿಯ ಮಕ್ಕಳೆಲ್ಲ ಏಟು ತಿನ್ನುವಲ್ಲಿ, ತನಗೊಬ್ಬನಿಗೇ ಅನ್ಯಾಯವಾಯಿತೆಂದಾಗಲಿ ಅವ್ವನಿಗೆ ತಾನು ಬೇಡವಾದೆನೆಂದಾಗಲಿ ಮಗುವಿಗೆ ಅನ್ನಿಸದು, ಹಾಗಾಗಿ ಪೆಟ್ಟು ಮೈಗೆ ತಾಗಿದರೂ ಮನಸ್ಸಿಗೆ ತಾಗದು ಎಂಬ ತರ್ಕ ಅದರೊಳಗಿದೆ.

ಈ ತರ್ಕವನ್ನು ಸಂಶೋಧಕರು ಪರೀಕ್ಷಿಸಿಯೂ ನೋಡಿದ್ದಾರೆ. ಜೆನಿಫರ್ ಲ್ಯಾನ್ಸ್‌ಫೋರ್ಡ್ ಮತ್ತು ಸಂಗಡಿಗರು ಭಾರತ, ಚೀನಾ, ಇಟಲಿ, ಕೆನ್ಯಾ, ಫಿಲಿಪೀನ್ಸ್ ಹಾಗೂ ಥಾಯ್ಲೆಂಡಿನ ತಾಯಂದಿರನ್ನೂ ಮಕ್ಕಳನ್ನೂ ಮಾತನಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಡೆತ ಸಾಮಾನ್ಯವೆನಿಸಿಕೊಂಡ ಕಡೆ ಅದಕ್ಕೂ ಮಕ್ಕಳ ಜಗಳಗಂಟಿತನ, ಆತಂಕಗಳಿಗೂ ಇರುವ ನಂಟು ತುಸು ಸಡಿಲ. ನಮ್ಮ ಓಣಿಯವರ ಮಾತಿನಲ್ಲಿ ಅಷ್ಟರಮಟ್ಟಿಗೆ ಹುರುಳಿದೆ. ಆದರೆ ಅಲ್ಲಿಯೂ ಆ ನಂಟು ಪೂರ್ತಿ ಕಡಿದುಹೋಗಿರಲಿಲ್ಲ. ತುಂಟ ಮಗುವಿಗೇ ಹೆಚ್ಚು ಏಟು ಬೀಳುತ್ತದಲ್ಲವೇ, ಹಾಗಾದರೆ ಕಾರಣ ಯಾವುದು, ಪರಿಣಾಮ ಯಾವುದು ಎಂದು ಕೇಳುವುದು ನ್ಯಾಯವೇ. ಅಮೆರಿಕದ ನಗರಗಳ ಮಕ್ಕಳ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಪ್ರಶ್ನೆಯನ್ನೇ ಎದುರಿಸಿತು: ಮೂರನೆಯ ವಯಸ್ಸಿನಲ್ಲಿ ಮಗು ಎಷ್ಟು ಹಟಮಾರಿಯಾಗಿತ್ತು ಎಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಆಗ ಮೇಲಿಂದ ಮೇಲೆ ಏಟು ತಿಂದವರು ಐದನೆಯ ವಯಸ್ಸಿಗೆ ಹೆಚ್ಚು ಆಕ್ರಮಣಕಾರಿಯಾಗಿದ್ದರು.

ಇಷ್ಟು ಹೇಳಿ ತಾಯಂದಿರಿಗೆ ಉಪದೇಶ ಮಾಡಿ ಎದ್ದುಬರುವುದು ಸುಲಭ. ಆದರೆ ನೇಕಾರರ ಓಣಿಯಲ್ಲಿ ಎಷ್ಟೋ ಮನೆಗಳಿಗೆ ಪಾವರ್‌ಲೂಮ್ ಇರುವ ಕೋಣೆಯೇ ಪಡಸಾಲೆ. ಗಂಡ ಮಗ್ಗ ನೋಡಿಕೊಂಡರೆ ಹೆಂಡತಿ ಕಂಡಿಕೆ (ಲಾಳಿಗೆ ಹಾಕುವ ನೂಲಿನ ಸುರುಳಿ) ಸುತ್ತುತ್ತಾಳೆ. ಮಜೂರಿ ಸಿಗುವುದು ಸೀರೆಯ ಲೆಕ್ಕದಲ್ಲಿ, ಆದ್ದರಿಂದ ಮಗುವಿಗಾಗಿ ಕೆಲಸ ನಿಲ್ಲಿಸಿದರೆ ನಷ್ಟ ಅವರದೇ. ಒಳಗೆ ತಿರುಗುವ ಬೆಲ್ಟು, ಹೊಸ್ತಿಲಾಚೆ ಗಟಾರು, ಅದರಾಚೆ ಮೋಟಾರ್ ಸೈಕಲ್ಲುಗಳು. ಮಗ್ಗದ ಸದ್ದಿನಲ್ಲಿ ಕೂಗಿದ್ದು ಮಗುವಿಗೆ ಕೇಳುವುದಿಲ್ಲ, ಮಾತು ಮುಟ್ಟದ ಕಡೆ ಕೈ ಮುಟ್ಟುತ್ತದೆ. ಬೆಲ್ಟಿನತ್ತ ಕೈ ಚಾಚಿದ ಮಗುವನ್ನು ಸರಕ್ಕನೆ ಎಳೆದುಕೊಳ್ಳುವುದು ಬೇರೆ, ಎಳೆದುಕೊಂಡ ಮೇಲೆ ಬೆನ್ನಿಗೆ ಎರಡು ಬಿಗಿಯುವುದು ಬೇರೆ ಎಂಬುದು ನಿಜ. ಆದರೆ ದಿನವಿಡೀ ಆ ಗೆರೆಯ ಮೇಲೆ ನಿಂತವಳಿಗೆ ಅದು ಎಷ್ಟು ಹೊತ್ತು ಕಾಣುತ್ತದೆ? ಅಂಗಳವೂ ಆಯಾಳೂ ಇರುವ ಮನೆಯವರು ತಮ್ಮ ಸಹನೆಯನ್ನು ಸಂಸ್ಕಾರದ ಲೆಕ್ಕಕ್ಕೆ ಬರೆದುಕೊಳ್ಳುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಕಾನೂನೂ ಮನೆಯ ಹೊಸ್ತಿಲು ದಾಟಲು ಹಿಂಜರಿದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ಮಕ್ಕಳನ್ನು ದಂಡಿಸುವುದನ್ನು ನಿಷೇಧಿಸಿತು (‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಎಂದು ಹೆಮ್ಮೆಯಿಂದ ಹೇಳುವ ಹಿರಿಯರು ನಮ್ಮಲ್ಲಿ ಈಗಲೂ ಇದ್ದಾರೆ). ಸ್ವೀಡನ್ 1979ರಲ್ಲೇ ತಂದಂತಹ, ಮನೆಯೊಳಗಿನ ಹೊಡೆತವನ್ನೂ ನಿಷೇಧಿಸುವ ಕಾಯ್ದೆ ನಮ್ಮಲ್ಲಿಲ್ಲ. ಅಂಥದ್ದು ಬಂದರೂ ಈ ಓಣಿಯಲ್ಲಿ ತಾನಾಗಿ ಏನೂ ಬದಲಾಗದು ಎಂಬುದು ನನ್ನ ಅನಿಸಿಕೆ.

ಬೇಕಾಗಿರುವುದು ಮಗುವನ್ನು ಮಗ್ಗದಿಂದ ದೂರ, ಕೆಲವು ತಾಸು ನಂಬಿಕೆಯಿಂದ ಬಿಟ್ಟಿರಬಹುದಾದ ಒಂದು ಜಾಗ. ಹಳ್ಳಿಗಳಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರನ್ನು ನೆನೆದು ಸರ್ಕಾರ ಗ್ರಾಮ ಪಂಚಾಯತಿಗಳ ಮೂಲಕ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯಿತು. ರಬಕವಿ–ಬನಹಟ್ಟಿ ನಗರಸಭೆಯಾದ್ದರಿಂದ ಇಲ್ಲಿ ಕಂಡಿಕೆ ಸುತ್ತುವ ತಾಯಿ ಆ ಲೆಕ್ಕಕ್ಕೆ ಬರುವುದಿಲ್ಲ. ನೇಕಾರರ ಓಣಿಗಳಲ್ಲಿ ಅಂಥದೇ ಮನೆಗಳನ್ನು, ಮಗ್ಗ ನಡೆಯುವ ಹೊತ್ತಿಗೆ ಹೊಂದುವಂತೆ, ನಗರಸಭೆಯ ಖರ್ಚಿನಲ್ಲಿ ತೆರೆಯಬೇಕೆಂದು ವಾರ್ಡಿನ ಸದಸ್ಯರನ್ನು ಕೇಳಬೇಕು. ಮತ ಕೇಳಲು ಬಂದವರಿಗೆ ಗಟಾರು, ನೀರು, ದೀಪಗಳ ಜೊತೆಗೆ ಇದನ್ನೂ ಹೇಳಿರಿ.