ಎಂಟನೇ ತಲೆಮಾರಿನ ದಾಖಲೆ ತನ್ನಿ

ಬುಡಕಟ್ಟಿನವರಲ್ಲದ ಅರಣ್ಯವಾಸಿ ಅರಣ್ಯಹಕ್ಕಿಗೆ ಅರ್ಜಿ ಹಾಕಿದರೆ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸದ ಪುರಾವೆ ಕೇಳುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಇದು ಬಾಯಿಪಾಠ. ಇದಕ್ಕಿಂತ ಬಿಗಿಯಾದ ನಿಯಮ ಇರಲಾರದು ಅಂದುಕೊಂಡಿದ್ದರು. ಅಷ್ಟರಲ್ಲಿ ಮೈಕ್ರೋಸಾಫ್ಟ್‌ನ ವಿಂಡೋಸ್ 11 ಬಂದು ಕಂಪ್ಯೂಟರಿನ ಪ್ರೊಸೆಸರ್‌ಗೆ ಎಂಟನೇ ತಲೆಮಾರು ಕೇಳಿತು.

ಪ್ರೊಸೆಸರ್ ತಯಾರಿಸುವ ಇಂಟೆಲ್ ಮನೆತನದಲ್ಲಿ ತಲೆಮಾರು ಅಂದರೆ ಹೆಚ್ಚುಕಮ್ಮಿ ಒಂದು ವರ್ಷ. ಏಳನೆಯದಾದ ಐ5-7400 ಬಂದದ್ದು 2017ರ ಜನವರಿಯಲ್ಲಿ, ಎಂಟನೆಯದಾದ ಐ5-8400 ಅದೇ ವರ್ಷದ ಅಕ್ಟೋಬರ್‌ನಲ್ಲಿ. ಅಣ್ಣ ಅನರ್ಹ, ತಮ್ಮ ಅರ್ಹ. ಏಕೆ ಸ್ವಾಮಿ ಅಂದರೆ ಭದ್ರತೆ, ಗುಪ್ತ ಕೀಲಿಗಳನ್ನು ಕಾಯುವ ಟಿಪಿಎಂ 2.0 ಬೇಕು ಅನ್ನುತ್ತಾರೆ. ಅಣ್ಣನ ಹತ್ತಿರವೂ ಅದು ಇದೆ. ಬಯಾಸ್‌ಗೆ, ಅಂದರೆ ಯಂತ್ರ ಏಳುವಾಗಿನ ಸೆಟ್ಟಿಂಗ್‌ಗೆ ಹೋಗಿ ಇಂಟೆಲ್ ಪಿಟಿಟಿ (ಇಂಟೆಲ್‌ನ ಟಿಪಿಎಂಗೆ ಇದೇ ಹೆಸರು) ಆನ್ ಮಾಡಿದರೆ ಸಾಕು. ನಂಬಿಕಸ್ತ ತಂತ್ರಾಂಶವನ್ನಷ್ಟೇ ಏಳಲು ಬಿಡುವ ಸೆಕ್ಯೂರ್ ಬೂಟ್‌ಗಾಗಿ, ಹಳೆಯ ಕ್ರಮದಲ್ಲಿ ಏಳಿಸುವ ಸಿಎಸ್‌ಎಂ ಆಫ್ ಮಾಡುವ ಮುಂಚೆ ಮಾತ್ರ ಡಿಸ್ಕಿನ ವಿಭಾಗಗಳ ಪಟ್ಟಿ ಹಳೆಯ ಎಂಬಿಆರ್‌ನಲ್ಲಿದೆಯೋ ಹೊಸ ಜಿಪಿಟಿಯಲ್ಲಿದೆಯೋ ನೋಡಿಕೊಳ್ಳಿ. ಎಂಬಿಆರ್ ಆಗಿದ್ದು ಬದಲಾಯಿಸದೆ ಬಿಟ್ಟರೆ ವಿಂಡೋಸ್ ಮೇಲೇಳುವುದಿಲ್ಲ. ಇಷ್ಟೆಲ್ಲ ಮಾಡಿ ಮತ್ತೆ ಸರದಿಯಲ್ಲಿ ನಿಂತರೆ ಉತ್ತರ: ನಿಮ್ಮ ಪ್ರೊಸೆಸರ್ ಪಟ್ಟಿಯಲ್ಲಿಲ್ಲ.

ಏಳನೇ ತಲೆಮಾರಿನಲ್ಲೂ ಕೆಲವೇ ಭಾಗ್ಯವಂತರಿದ್ದಾರೆ. ಐ7-7820ಎಚ್‌ಕ್ಯೂ ಪಟ್ಟಿ ಸೇರಿತು. ಆ ಚಿಪ್ ಮೈಕ್ರೋಸಾಫ್ಟ್ ತಾನೇ ಮಾರಿದ ಸರ್ಫೇಸ್ ಸ್ಟುಡಿಯೊ 2ರಲ್ಲಿತ್ತು. ಶಿಫಾರಸು ನಡೆಯುವುದು ತಾಲ್ಲೂಕು ಕಚೇರಿಯಲ್ಲಿ ಮಾತ್ರ ಅಂದವರು ಯಾರು?

ಉಳಿದವರಿಗೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ತಿಥಿ ಗೊತ್ತಾಯಿತು; ಅಂದಿಗೆ ಅದರ ಉಚಿತ ಭದ್ರತಾ ತಿದ್ದುಪಡಿ ನಿಂತಿತು. ತಿಥಿಗೂ ದರಪಟ್ಟಿ ಉಂಟು. ಮನೆಯ ಬಳಕೆದಾರ 30 ಡಾಲರ್ ಕೊಟ್ಟರೆ, ಇಲ್ಲವೇ ತನ್ನ ಸೆಟ್ಟಿಂಗ್‌ಗಳನ್ನು ಅವರ ಕ್ಲೌಡ್‌ಗೆ ಒಪ್ಪಿಸಿದರೆ ಒಂದು ವರ್ಷ ಜೀವದಾನ. ಸಂಸ್ಥೆಗಳಿಗೆ ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಆಮೇಲೆ ವರ್ಷ ವರ್ಷ ದುಪ್ಪಟ್ಟು, ಮೂರು ವರ್ಷಕ್ಕೆ ಒಟ್ಟು 427. ಇದೇ ವಿಂಡೋಸ್ 10ರ, ಎಟಿಎಂನಂಥ ಯಂತ್ರಗಳಿಗೆಂದಿರುವ ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021 ಎಂಬ ಆವೃತ್ತಿಗೆ ಭದ್ರತಾ ತಿದ್ದುಪಡಿ 2032ರ ಜನವರಿಯವರೆಗೆ ಬರುತ್ತದೆ. ಔಷಧಿ ತಯಾರಾಗುತ್ತಲೇ ಇದೆ ಅಂತಾಯಿತು. ರೋಗಿಯ ಚೀಟಿಯ ಬಣ್ಣ ನೋಡಿ ಕೊಡುತ್ತಾರೆ.

ಮಲೆನಾಡಿನಲ್ಲಿ ಕಂಪ್ಯೂಟರ್ ಸಾಯುವುದಕ್ಕೆ ಬೇರೆ ಕಾರಣಗಳು ಧಾರಾಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿಗೆ ರ‍್ಯಾಮ್‌ನ ಹಲ್ಲು ಕಪ್ಪಾಗಿ, ಯಂತ್ರ ಆನ್ ಆದರೂ ತೆರೆ ಕತ್ತಲೆ. ರಬ್ಬರ್‌ನಿಂದ ಉಜ್ಜಿ ಕೂರಿಸಿದರೆ ಸರಿಹೋಗುತ್ತದೆ. ಮದರ್‌ಬೋರ್ಡಿನ ಸಿಆರ್2032 ಸೆಲ್ ಮುಗಿದರೆ, ಕರೆಂಟ್ ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗಿ ಬ್ಯಾಂಕಿನ ವೆಬ್‌ಸೈಟು ‘ಪ್ರಮಾಣಪತ್ರ ಸರಿಯಿಲ್ಲ’ ಅನ್ನುತ್ತದೆ. ಗುಡುಗಿಗೆ ನೆಟ್ ಕೇಬಲ್ ಕೀಳದಿದ್ದರೆ ಲ್ಯಾನ್ ಪೋರ್ಟ್ ಸುಡುತ್ತದೆ. ಯುಎಸ್‌ಬಿಯ ಲ್ಯಾನ್ ಅಡಾಪ್ಟರ್ ಹಾಕಿದರೆ ಮತ್ತೆ ಕೆಲಸ ಶುರು. ನಿಧಾನವಾಯಿತೆಂದರೆ 240 ಜಿಬಿ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್. ಶಿವಮೊಗ್ಗದ ರಿಪೇರಿ ಅಂಗಡಿಯಲ್ಲಿ ಇವಕ್ಕೆಲ್ಲ ಮದ್ದಿದೆ. ಮೈಕ್ರೋಸಾಫ್ಟ್‌ನ ಊರಾದ ರೆಡ್ಮಂಡ್‌ನಲ್ಲಿ ಬರೆದ ಪಟ್ಟಿಗೆ ಇಲ್ಲ.

ಎಲ್ಲವನ್ನೂ ಎಂದೆಂದಿಗೂ ಸಾಕಿ ಅಂತ ಯಾರೂ ಹೇಳುತ್ತಿಲ್ಲ. ವಿಂಡೋಸ್‌ಗೆ ಬದಲಿಯಾಗಿ ಉಚಿತವಾಗಿ ಸಿಗುವ ಲಿನಕ್ಸ್ ಕೂಡ 1985ರ 386 ಚಿಪ್ ಅನ್ನು 2012ರಲ್ಲಿ ಕೈಬಿಟ್ಟಿತು; ಚಿಪ್‌ಗೆ 27 ವರ್ಷ ವಯಸ್ಸಾದ ಮೇಲೆ. ವಿಂಡೋಸ್ 11ರ 24ಎಚ್2 ಆವೃತ್ತಿ ಕೋರ್ 2 ಡ್ಯುಯೊದಲ್ಲಿ ಬೂಟ್ ಆಗದಿರುವುದಕ್ಕೂ ನಿಜವಾದ ಕಾರಣವಿದೆ: ಅದು ಬಳಸುವ ಪಾಪ್‌ಕೌಂಟ್ ಎಂಬ ಆದೇಶವೇ ಆ ಚಿಪ್‌ನಲ್ಲಿಲ್ಲ. ಇದನ್ನು ಒಪ್ಪೋಣ. ಆದರೆ ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ ವಿಂಡೋಸ್ ಹಾಕುವ ಪೆನ್‌ಡ್ರೈವ್ ಮಾಡುವಾಗ ಅರ್ಹತೆ ಕೇಳಬೇಡ ಅಂತ ಒಂದು ಟಿಕ್ ಹಾಕಿದರೆ ಅದೇ ‘ಅನರ್ಹ’ ಐ5ರಲ್ಲಿ ವಿಂಡೋಸ್ 11 ಸಲೀಸಾಗಿ ಓಡುವುದಕ್ಕೆ ಏನು ಹೇಳೋಣ? ದೊಡ್ಡ ಆವೃತ್ತಿ ಬಂದಾಗ ಅದು ತಾನಾಗಿ ಇಳಿಯುವುದಿಲ್ಲ, ಮತ್ತೆ ಪೆನ್‌ಡ್ರೈವ್ ಹಿಡಿಯಬೇಕು, ಅಷ್ಟೆ.

ಈ ಗೋಜೇ ಬೇಡ ಅನ್ನುವವರು ಲಿನಕ್ಸ್ ಮಿಂಟ್ 22 ಹಾಕಿಕೊಳ್ಳಬಹುದು, 2029ರವರೆಗೆ ಚಿಂತೆಯಿಲ್ಲ. ಹಾಕುವ ಮುಂಚೆ ಎರಡು ವಿಷಯ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪಿಸಿದ ಸಂಘದ ಠರಾವುಗಳನ್ನೆಲ್ಲ ಯುನಿಕೋಡ್‌ಗೆ ತಿರುಗಿಸಿಕೊಳ್ಳಿ, ಇಲ್ಲವಾದರೆ ಫಾಂಟ್ ಇಲ್ಲದ ಕಡೆ ಅಧ್ಯಕ್ಷರ ಹೆಸರೇ ಬೈಗುಳದಂತೆ ಕಾಣುತ್ತದೆ. ಮೇಜಿನ ಮೇಲಿರುವುದು ಕ್ಯಾನನ್ ಎಲ್‌ಬಿಪಿ2900 ಪ್ರಿಂಟರ್ ಆಗಿದ್ದರೆ ಅದರ ಲಿನಕ್ಸ್ ಡ್ರೈವರ್ ಜೊತೆ ಗುದ್ದಾಡಬೇಡಿ. ಒಂದು ವಿಂಡೋಸ್ 10 ಯಂತ್ರವನ್ನು ನೆಟ್ ಕಿತ್ತು ಮೂಲೆಯಲ್ಲಿಟ್ಟು, ಪಿಡಿಎಫ್ ಅನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಪ್ರಿಂಟ್ ತೆಗೆಯಿರಿ.