ಆ ಊದಿದ ಕಾಲುಗಳನ್ನು ಮರೆತಿರಲ್ಲ

ಉರ್ದು ಕತೆಗಾರ ಮಂಟೋ ಅವರ ‘ಟೋಬಾ ಟೇಕ್ ಸಿಂಗ್’ ಕತೆಯಲ್ಲಿ ಲಾಹೋರಿನ ಹುಚ್ಚಾಸ್ಪತ್ರೆಯೇ ದೇಶವಿಭಜನೆಯ ರೂಪಕ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ. ಆದರೆ ಅದು ಎಲ್ಲರೂ ಹೇಳುವ ಮಾತೇ ಅಲ್ವಾ? ನನ್ನನ್ನು ಕಾಡಿದ್ದು ಆ ಆಸ್ಪತ್ರೆಯಲ್ಲಿರುವ ಬಿಷನ್ ಸಿಂಗನ ಕಾಲುಗಳು. 15 ವರ್ಷ ಮಲಗದೆ, ನಿಂತೇ ಇದ್ದು ಊದಿಹೋದ ಕಾಲುಗಳು. ಕತೆಗಾರರು ಅದಕ್ಕೆ ಯಾವ ಅರ್ಥವನ್ನೂ ಹಚ್ಚುವುದಿಲ್ಲ, ಸುಮ್ನೆ ಹೇಳಿ ಮುಂದೆ ಹೋಗುತ್ತಾರೆ. ಕೊನೆಯಲ್ಲಿ ಎರಡು ದೇಶಗಳ ಮುಳ್ಳುತಂತಿ ಬೇಲಿಗಳ ನಡುವೆ, ಹೆಸರೇ ಇಲ್ಲದ ತುಂಡು ನೆಲದ ಮೇಲೆ ಅವನು ಬೋರಲು ಬಿದ್ದಾಗ ಆ ಕಾಲುಗಳು ನೆನಪಾಗುತ್ತವೆ.

ಇನ್ನು ಅವನ ಬಡಬಡಿಕೆ. ಪಂಜಾಬಿ, ಉರ್ದು, ಇಂಗ್ಲಿಷ್ ಎಲ್ಲ ಕಲಸಿದ ಆ ಸಾಲನ್ನು ‘ಅರ್ಥವಿಲ್ಲದ್ದು’ ಎಂದು ಬಿಟ್ಟುಬಿಟ್ಟಿದ್ದೀರಿ. ಅದರ ಬಾಲ ಬದಲಾಗುವುದನ್ನು ನೋಡಿ. ಮೊದಲು ‘ಲಾಟೀನು’ ಎಂಬ ಪದ ಇದ್ದ ಜಾಗಕ್ಕೆ ‘ಪಾಕಿಸ್ತಾನ ಸರ್ಕಾರ’ ಬರುತ್ತದೆ. ಆಮೇಲೆ ಅದೂ ಹೋಗಿ ಟೋಬಾ ಟೇಕ್ ಸಿಂಗ್ ಸರ್ಕಾರ! ತನ್ನ ಊರಾದ ಟೋಬಾ ಟೇಕ್ ಸಿಂಗ್ ಯಾವ ದೇಶದ ಕಡೆ ಸೇರಿತು ಎಂದು ಯಾರೂ ಸರಿಯಾಗಿ ಹೇಳದಿದ್ದಾಗ, ಪಾಪ, ಅವನು ಊರಿಗೇ ಒಂದು ಸರ್ಕಾರ ಕಟ್ಟಿಕೊಂಡ.

ಮರ ಹತ್ತಿ ಕೂತು, ಇಲ್ಲೇ ಇರುತ್ತೇನೆ ಎನ್ನುವ ಇನ್ನೊಬ್ಬ ಹುಚ್ಚನ ಪ್ರಸಂಗ ಮಾತ್ರ ನನಗೆ ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳಿದಂತೆ ಅನ್ನಿಸಿತು.